ದುರ್ಮುಖನ ವಾಕ್ಯಪ್ರಾಮಾಣ್ಯ

ಉತ್ತರರಾಮಚರಿತದ ಪ್ರಥಮಾಂಕವನ್ನು ಪಾಠ ಹೇಳುವವರು ಚಿತ್ರದರ್ಶನದಲ್ಲಿ ಬಹಳ ಹೊತ್ತು ನಿಂತು, ದುರ್ಮುಖನ ಪ್ರವೇಶವನ್ನು ಪತಾಕಾಸ್ಥಾನಕಕ್ಕೆ ಉದಾಹರಣೆಯೆಂದು ತೋರಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ನಾನೂ ಅನೇಕ ವರ್ಷ ಹಾಗೆಯೇ ಪಾಠ ಹೇಳಿದವನು. ಆದರೆ ಬಂದವನು ಯಾರು, ಅವನು ತಂದ ಮಾತಿಗೆ ಎಷ್ಟು ಪ್ರಾಮಾಣ್ಯವೆಂಬುದನ್ನು ವಿಚಾರಿಸದೆ ಸೀತಾಪರಿತ್ಯಾಗದ ಯುಕ್ತಾಯುಕ್ತತೆಯನ್ನು ಚರ್ಚಿಸುವುದು ತಳಹದಿಯಿಲ್ಲದೆ ಗೋಡೆಯೆತ್ತಿದಂತೆ.

ಚಾರರ ವಾಕ್ಯವನ್ನು ನಂಬುವ ಬಗೆಗೆ ನಮ್ಮ ಶಾಸ್ತ್ರಕಾರರು ಸ್ಪಷ್ಟವಾದ ನಿಯಮವನ್ನು ಮಾಡಿದ್ದಾರೆ. ಮೈಸೂರಿನ ಪ್ರಾಚ್ಯಕೋಶಾಗಾರದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮುದ್ರಿಸಿ ಬೆಳಕಿಗೆ ತಂದ ಅರ್ಥಶಾಸ್ತ್ರದ ಪ್ರಥಮಾಧಿಕರಣದಲ್ಲಿ, ಪರಸ್ಪರ ಅರಿಯದ ಮೂವರು ಚಾರರು ಒಂದೇ ಮಾತನ್ನು ಹೇಳಿದರೆ ಮಾತ್ರ ನಂಬತಕ್ಕದ್ದೆಂದು ಕೌಟಿಲ್ಯನು ವಿಧಿಸುತ್ತಾನೆ. ಮೇಲಿಂದ ಮೇಲೆ ತಪ್ಪುವವರಿಗೆ ಗುಟ್ಟಾದ ದಂಡನೆಯನ್ನೂ ಹೇಳುತ್ತಾನೆ. ಒಬ್ಬನ ಬಾಯಿಂದ ಬಂದದ್ದು ರಾಜನಿಗೆ ವಾರ್ತೆಯೇ ಹೊರತು ನಿರ್ಣಯವಲ್ಲ.

ರಾಮಾಯಣದ ಉತ್ತರಕಾಂಡದಲ್ಲಿ ಇದಕ್ಕೆ ಸಂವಾದಿಯಾದ ಕ್ರಮವುಂಟು. ಅಲ್ಲಿ ಅಪವಾದವನ್ನು ತಿಳಿಸುವವನು ಭದ್ರನೆಂಬ ಸಖ. ರಾಮನು ಅವನೊಬ್ಬನ ಮಾತಿಗೆ ನಿಲ್ಲದೆ ಸುತ್ತಲಿದ್ದ ಸುಹೃದರನ್ನೆಲ್ಲ ಕೇಳುತ್ತಾನೆ. ಅವರೂ ತಲೆಬಾಗಿ ಹೌದೆನ್ನುತ್ತಾರೆ. ಭವಭೂತಿಯು ಈ ಸಾಕ್ಷಿಗಳನ್ನೆಲ್ಲ ತೊಡೆದುಹಾಕಿ, ಶುದ್ಧಾಂತದಲ್ಲಿ ಸಂಚರಿಸುವ ಸೇವಕನೊಬ್ಬನನ್ನು ಉಳಿಸಿಕೊಂಡನು. (ನಮ್ಮ ಲಕ್ಷ್ಮೀಶನ ಜೈಮಿನಿ ಭಾರತದಲ್ಲಂತೂ ಅಪವಾದವೇ ಒಬ್ಬ ಅಗಸನ ಮಾತಾಗಿ ಕಿರಿದಾಗುತ್ತದೆ, ಅದು ಬೇರೆಯ ವಿಚಾರ.)

ಸೀತೆಯು ರಾಮನ ತೋಳಿನ ಮೇಲೆ ನಿದ್ರಿಸುತ್ತಿರುವ ಸಮಯದಲ್ಲಿ ಹತ್ತು ಮಂದಿಯನ್ನು ರಂಗಕ್ಕೆ ತರುವುದು ಅಶಕ್ಯವಷ್ಟೆ, ಇದು ಕೇವಲ ನಾಟಕದ ಸೌಕರ್ಯವೆಂದು ಯಾರಾದರೂ ಆಕ್ಷೇಪಿಸಬಹುದು. ಒಪ್ಪಿದೆ. ಆದರೆ ಸೌಕರ್ಯವೇ ಉದ್ದೇಶವಾಗಿದ್ದರೆ ಆ ಸೇವಕನು ಸುದ್ದಿಯನ್ನು ಮುಟ್ಟಿಸಿ ಹೊರಟುಹೋಗಬಹುದಾಗಿತ್ತು. ಹಾಗಾಗಲಿಲ್ಲ. ದುರ್ಮುಖನು ಮೊದಲು ಪೌರರ ಪ್ರಶಂಸೆಯನ್ನಷ್ಟೇ ಹೇಳುತ್ತಾನೆ. ಅದು ಅರ್ಥವಾದ, ದೋಷವನ್ನು ಹೇಳೆಂದು ರಾಮನೇ ಒತ್ತಾಯಿಸಿದ ಮೇಲೆ ಕಣ್ಣೀರಿಟ್ಟು ಕಿವಿಯಲ್ಲಿ ಉಸಿರುತ್ತಾನೆ. ಆ ಮಾತನ್ನು ಸಭಾಸದರಿಗೆ ಕೇಳಿಸುವುದಕ್ಕೂ ಕವಿಗೆ ಮನಸ್ಸಿಲ್ಲ. ರಾಮನು ಪರಿತ್ಯಾಗವನ್ನು ನಿಶ್ಚಯಿಸಿದಾಗ ಅದನ್ನು ಪ್ರತಿಭಟಿಸುವವನು ಯಾರು? ವಸಿಷ್ಠನಲ್ಲ, ಲಕ್ಷ್ಮಣನಲ್ಲ, ವಾರ್ತೆ ತಂದ ದುರ್ಮುಖನೇ. ಅಗ್ನಿಯಲ್ಲಿ ಶುದ್ಧಳಾದ, ಗರ್ಭಿಣಿಯಾದ ದೇವಿಯ ವಿಷಯದಲ್ಲಿ ದುರ್ಜನರ ಮಾತಿನಿಂದ ಹೀಗೆ ಮಾಡಬಹುದೆ ಎಂದು ಕೇಳುತ್ತಾನೆ. ಪೌರರು ದುರ್ಜನರು ಹೇಗಾದಾರೆಂದು ರಾಮನು ಅವನ ಬಾಯಿ ಮುಚ್ಚಿಸುತ್ತಾನೆ. ವಾಲ್ಮೀಕಿಯ ಭದ್ರನು ಇಂತಹ ಒಂದು ಮಾತನ್ನೂ ಆಡಲಿಲ್ಲ. ಅನುಮೋದಕರನ್ನು ತೆಗೆದು ಆ ಸ್ಥಾನದಲ್ಲಿ ಒಬ್ಬ ವಿರೋಧಿಯನ್ನು ಇರಿಸಿದ್ದು ಕವಿಯು ಬುದ್ಧಿಪೂರ್ವಕವಾಗಿ ಮಾಡಿದ ಮಾರ್ಪಾಡೆಂಬಲ್ಲಿ ನನಗೆ ಸಂದೇಹವಿಲ್ಲ.

ನೈಯಾಯಿಕರ ಮತದಲ್ಲಿ ಆಪ್ತನ ಉಪದೇಶವೇ ಶಬ್ದಪ್ರಮಾಣ. "ಜನರು ಹೀಗೆನ್ನುತ್ತಾರೆ" ಎಂಬ ಅಂಶದಲ್ಲಿ ದುರ್ಮುಖನು ಆಪ್ತ; ಸುಳ್ಳಾಡುವ ಪ್ರಯೋಜನ ಅವನಿಗಿಲ್ಲ. ಆದರೆ ಲಂಕೆಯನ್ನು ಕಾಣದ ಪೌರರು ಸೀತೆಯ ಶೀಲದ ವಿಷಯದಲ್ಲಿ ಆಪ್ತರಲ್ಲ. ದೂರದಲ್ಲಿ ನಡೆದ ಅಗ್ನಿಶುದ್ಧಿಯನ್ನು ಇಲ್ಲಿ ನಂಬುವವರಾರೆಂದು ರಾಮನೇ ಹೇಳಿಕೊಳ್ಳುವುದರಿಂದ ಅವನಿಗೂ ಇದು ತಿಳಿದಿತ್ತು. ವಾರ್ತೆಯ ಸತ್ಯವು ವಾರ್ತಾವಿಷಯದ ಸತ್ಯವಲ್ಲ. ಈ ವಿವೇಕವನ್ನು ಆ ಅಂಕದಲ್ಲಿ ಬಾಯಿಬಿಟ್ಟು ಆಡಿದವನು ಅಪಸರ್ಪನೊಬ್ಬನೇ; ಕಿವಿಯಾಗಿ ನೇಮಕಗೊಂಡವನಿಗೆ ನಾಲಗೆಯ ಅಧಿಕಾರವಿರಲಿಲ್ಲ. ಅವನ ಹೆಸರನ್ನು ಹಿಡಿದು ಅವನನ್ನು ಕೆಟ್ಟ ಬಾಯಿಯವನೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ಅನ್ಯಾಯ.

ಕವಿಯು ಅವನನ್ನು ಇಷ್ಟಕ್ಕೇ ಬಿಡುವುದಿಲ್ಲ. ಅಂಕದ ಕೊನೆಗೆ ಸೀತೆಯು ಎಚ್ಚತ್ತು ರಾಮನನ್ನು ಕಾಣದೆ ಪ್ರಣಯಕೋಪವನ್ನು ನಟಿಸುತ್ತಿರುವಾಗ, ಲಕ್ಷ್ಮಣನು ರಥವನ್ನು ಸಜ್ಜುಗೊಳಿಸಿದ್ದಾನೆ, ದೇವಿಯು ಏರಬೇಕೆಂದು ಬಂದು ಬಿನ್ನವಿಸುವವನು ಆ ದುರ್ಮುಖನೇ.