ಕಾಲುವೆ ಸೀಮೆಯ ಈಜುಪಾಠ

ಬಳ್ಳಾರಿಯಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ, ಶಾಲೆಗಳಿಗೆ ರಜೆ ಬೀಳುತ್ತದೆ, ಮಕ್ಕಳನ್ನು ಈಜು ಶಿಬಿರಕ್ಕೆ ಸೇರಿಸಲು ತಂದೆ ತಾಯಿ ಓಡಾಡುತ್ತಾರೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ತುಂಗಭದ್ರಾ ಕಾಲುವೆಗಳಲ್ಲಿ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಜಲಾಶಯ ತುಂಬಿ ಮತ್ತೆ ಕಾಲುವೆಗೆ ನೀರು ಬಿಡುವಾಗ ಶಿಬಿರ ಮುಗಿದು, ಪ್ರಮಾಣಪತ್ರ ಗೋಡೆಗೇರಿರುತ್ತದೆ. ಮಗು ಕಲಿತದ್ದು ಒಂದು ನೀರಿನಲ್ಲಿ, ಅದಕ್ಕೆ ಅಪಾಯವಿರುವುದು ಇನ್ನೊಂದು ನೀರಿನಲ್ಲಿ. ನಮ್ಮ ಬೇಸಿಗೆ ಈಜು ತರಬೇತಿಯ ಗುಣದೋಷ ತೂಗಬೇಕಾದದ್ದು ಈ ಅಂತರವನ್ನು ಎದುರಿಗಿಟ್ಟುಕೊಂಡೇ.

ಬಳ್ಳಾರಿ, ಕುರುಗೋಡು, ಸಿರುಗುಪ್ಪ ಎಂದರೆ ಹೊರಗಿನವರಿಗೆ ಬಂಡೆಗುಡ್ಡ, ಧೂಳು, ಬಿಸಿಲು. ಒಳಗಿನವರಿಗೆ ಇದು ನೀರಿನ ಸೀಮೆಯೂ ಹೌದು. ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಕಾಲದವು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ಬಲದಂಡೆಯ ಕಾಲುವೆಗಳು ಈ ಊರುಗಳ ಹೊಲಗದ್ದೆಗಳ ನಡುವೆ ಹಾದು ಆಂಧ್ರದ ಕಡೆಗೆ ಸಾಗಿದವು. ಮೇಲ್ಮಟ್ಟದ್ದನ್ನು ಎಚ್‌ಎಲ್‌ಸಿ, ಕೆಳಮಟ್ಟದ್ದನ್ನು ಎಲ್‌ಎಲ್‌ಸಿ ಎಂದೇ ಜನ ಇವತ್ತಿಗೂ ಗುರುತು ಹೇಳುತ್ತಾರೆ. ಭತ್ತ ನಾಟಿಗೆ, ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಹೋಗುವವರ ದಾರಿ ಎಷ್ಟೋ ಕಡೆ ಕಾಲುವೆಯ ಏರಿಯೇ.

ಇಲ್ಲಿ ಈಜು ಕಲಿಸುವ ಹಳೆಯ ಶಾಲೆ ತೋಟದ ಬಾವಿ. ರಜೆಯಲ್ಲಿ ಹುಡುಗರು ಗುಂಪುಗಟ್ಟಿ ಈಸು ಬೀಳಲು ಹೋಗುವಾಗ ಜೊತೆಗೊಬ್ಬ ಮಾವನೋ ಅಣ್ಣನೋ ಇರುತ್ತಿದ್ದ. ಬೆನ್ನಿಗೆ ಒಣಗಿದ ಸೋರೆಬುರುಡೆ ಅಥವಾ ಬೆಂಡಿನ ಕಟ್ಟು, ಈಚೆಗೆ ಖಾಲಿ ಪ್ಲಾಸ್ಟಿಕ್ ಕ್ಯಾನು. ಸೊಂಟಕ್ಕೆ ಹಗ್ಗ, ಅದರ ತುದಿ ಮೆಟ್ಟಿಲ ಮೇಲೆ ಕೂತವನ ಕೈಯಲ್ಲಿ. ‘ಬಿಡಬ್ಯಾಡ ಮಾಮಾ’ ಎಂದು ಹುಡುಗ ಕೂಗುತ್ತಾನೆ. ‘ಬಿಟ್ಟಿಲ್ಲಲೇ, ಕಾಲು ಬಡಿ’ ಎನ್ನುತ್ತಾನೆ ಮಾವ. ಹಗ್ಗ ಅವನ ಬೆರಳುಗಳ ನಡುವೆ ಒಂದೊಂದೇ ಗೇಣು ಸಡಿಲಾಗುತ್ತಿರುತ್ತದೆ. ಹುಡುಗ ಮುಖ ಮೇಲೆತ್ತಿ ಕೈ ಕಾಲು ಒದರಿದರೆ ಸೊಂಟ ಕೆಳಗಿಳಿಯುತ್ತದೆ, ಮೂಗಿಗೆ ನೀರು ಹೋಗುತ್ತದೆ, ಆಗ ಹಗ್ಗ ಬಿಗಿಯುತ್ತದೆ. ಕೆಲವು ದಿನ ಕಳೆದ ಮೇಲೆ ಬೆಂಡಿನ ಒಂದು ತುಂಡು ಕಡಿಮೆ, ಮುಂದೆ ಇನ್ನೊಂದು. ಮೈಗೆ ನೀರಿನ ನಂಬಿಕೆ ಬರುವುದಕ್ಕೂ ಆಸರೆ ಕಳಚುವುದಕ್ಕೂ ತಾಳೆ ಕೂಡಿಸುವ ಈ ಕೆಲಸ ನಿಜವಾದ ಬೋಧನಾ ಕಲೆ. ಒಬ್ಬ ಕಲಿಯುವವನಿಗೆ ಒಬ್ಬ ಕಲಿಸುವವನು, ಕಣ್ಣು ಕದಲದಂತೆ.

ಆದರೆ ಬಾವಿಯ ಶಾಲೆಯನ್ನು ಹಾಡಿ ಹೊಗಳಲು ನನ್ನಿಂದಾಗದು. ಹೆದರಿದ ಹುಡುಗನನ್ನು ಹಿಂದಿನಿಂದ ದೂಕಿ ‘ತಾನೇ ಕಲೀತಾನ’ ಎನ್ನುವ ಕ್ರೌರ್ಯವೂ ಅದರ ಭಾಗವಾಗಿತ್ತು. ಮುಳುಗುತ್ತಿರುವವನನ್ನು ಉಳಿಸುವುದು ಹೇಗೆಂಬ ಪಾಠ ಅಲ್ಲಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ಕೊರತೆ, ಅಲ್ಲಿ ಹುಡುಗಿಯರು ಇರಲಿಲ್ಲ. ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು, ನೀರು ತರಲು ಹೆಣ್ಣುಮಕ್ಕಳೇ ನೀರಿನ ಅಂಚಿಗೆ ಹೋಗುತ್ತಿದ್ದರು. ಈಜು ಮಾತ್ರ ಗಂಡುಮಕ್ಕಳ ಸೊತ್ತಾಗಿತ್ತು.

ನಗರದ ಶಿಬಿರ ಈ ತಪ್ಪನ್ನು ಒಂದಿಷ್ಟು ತಿದ್ದಿದೆ. ಹುಡುಗಿಯರು ಬರುತ್ತಾರೆ, ನೀರು ಶುದ್ಧವಾಗಿರುತ್ತದೆ, ಆಳ ಎಷ್ಟೆಂದು ಗೋಡೆಯ ಮೇಲೆ ಬರೆದಿರುತ್ತದೆ, ಕಲಿಯಲು ಬಂದ ಮಗುವನ್ನು ಯಾರೂ ದೂಕುವುದಿಲ್ಲ. ಇದು ಸಣ್ಣ ಗಳಿಕೆಯಲ್ಲ. ತಕರಾರು ಇರುವುದು ಅಲ್ಲಿ ಕಲಿಸುವ ವಿಷಯದ ಬಗ್ಗೆ. ಮೊದಲ ವಾರದಿಂದಲೇ ಫ್ರೀಸ್ಟೈಲ್, ಆಮೇಲೆ ಬ್ರೆಸ್ಟ್‌ಸ್ಟ್ರೋಕ್, ಕೊನೆಯ ದಿನ ಪಂದ್ಯ ಮತ್ತು ಪದಕ. ಈ ಪಠ್ಯ ಸ್ಪರ್ಧಾ ಈಜಿನಿಂದ ಇಳಿದು ಬಂದದ್ದು. 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲ್ಲೆಟ್‌ರಿಂದ ಹಿಡಿದು 14ನೆಯ ವಯಸ್ಸಿಗೇ 2024ರ ಪ್ಯಾರಿಸ್ ತಲುಪಿದ ಧಿನಿಧಿ ದೇಸಿಂಗುವರೆಗೆ ಬೆಂಗಳೂರಿನ ಈಜುಕೊಳಗಳು ಅಂಥ ಪ್ರತಿಭೆಗಳನ್ನು ಬೆಳೆಸಿವೆ, ಅದು ನಾಡಿಗೇ ಹೆಮ್ಮೆ. ಆದರೆ ಸಿರುಗುಪ್ಪದ ಹನ್ನೊಂದರ ಹುಡುಗಿಗೆ ಮೊದಲು ಬೇಕಾದದ್ದು ವೇಗವಲ್ಲ. ಚೂಡಿದಾರದಲ್ಲೇ ನೀರಿಗೆ ಬಿದ್ದರೆ ಅಂಗಾತ ತೇಲಿ ಉಸಿರಾಡುತ್ತ ಇರುವುದು ಹೇಗೆಂಬ ಅರಿವು ಅವಳಿಗೆ ಬೇಕು.

ಈ ಮಾತಿಗೆ ಆಧಾರ ಕಾಲುವೆಯ ರಚನೆಯಲ್ಲೇ ಇದೆ. ಈಜುಕೊಳದಲ್ಲಿ ನೀರು ನಿಂತಿರುತ್ತದೆ, ಕೈ ಚಾಚಿದರೆ ಕಂಬಿ ಸಿಗುತ್ತದೆ. ಲೈನಿಂಗ್ ಮಾಡಿದ ಕಾಲುವೆಯಲ್ಲಿ ನೀರು ತಳ್ಳಿಕೊಂಡು ಹೋಗುತ್ತದೆ; ಇಳಿಜಾರು ಗೋಡೆಗೆ ಪಾಚಿ ಕಟ್ಟಿರುತ್ತದೆ. ಚೆನ್ನಾಗಿ ಈಜಬಲ್ಲವನೂ ದಡ ಮುಟ್ಟಿ, ಹತ್ತಲಾರದೆ ಜಾರಿ ಜಾರಿ ಸೋಲುತ್ತಾನೆ. ಅಲ್ಲಿ ಹರಿವಿಗೆ ಎದುರಾಗಿ ಕೈ ಬೀಸಿದರೆ ಶಕ್ತಿ ಸೋರಿಹೋಗುತ್ತದೆ. ಹರಿವಿನ ಜೊತೆಗೇ ಓರೆಯಾಗಿ ಸಾಗಿ, ಮೆಟ್ಟಿಲಿರುವ ಕಡೆಯೋ ಹಗ್ಗ ಎಸೆಯುವ ಕೈ ಇರುವ ಕಡೆಯೋ ದಡ ಹಿಡಿಯಬೇಕು. ಕೃಷಿಹೊಂಡಗಳದ್ದೂ ಇದೇ ಕಥೆ: ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ನೆನೆದರೆ ಕಾಲಿಗೆ ಹಿಡಿತವೇ ಇಲ್ಲ. ಬೇಸಿಗೆ ಶಿಬಿರದಿಂದ ಹೊರಬಿದ್ದ ಮಗುವಿಗೆ ಇದರಲ್ಲಿ ಒಂದನ್ನಾದರೂ ಹೇಳಿಕೊಟ್ಟಿರುತ್ತಾರೆಯೇ?

ದೂರದ ಒಂದು ಆಟ ಇಲ್ಲಿ ಪಾಠ ಹೇಳುತ್ತದೆ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಶುರುವಾದ ಬರಿಗಾಲ ವಾಟರ್ ಸ್ಕೀಯಿಂಗ್‌ನಲ್ಲಿ, ಗಂಟೆಗೆ ಸುಮಾರು 60 ಕಿ.ಮೀ. ವೇಗದ ದೋಣಿಯ ಹಿಂದೆ ಆಟಗಾರ ನೀರಿನ ಮೇಲೆ ಬರಿ ಅಂಗಾಲೂರಿ ಜಾರುತ್ತಾನೆ. ನೋಡಿದರೆ ಹುಚ್ಚು ಸಾಹಸ, ಕಲಿಸುವ ಕ್ರಮ ಮಾತ್ರ ಬಹಳ ತಾಳ್ಮೆಯದು. ಅಲ್ಲಿನ ಬೇಸಿಗೆ ಶಿಬಿರಗಳಲ್ಲಿ ದೋಣಿಯ ಮಗ್ಗುಲಿಗೆ ಅಡ್ಡಲಾಗಿ ಚಾಚಿದ ಒಂದು ಕೊಳವೆ ಇರುತ್ತದೆ. ಹೊಸಬ ಮೊದಲು ಅದನ್ನೇ ಹಿಡಿಯುತ್ತಾನೆ, ಕೋಚ್ ಮಾತು ಕಿವಿಗೆ ಬೀಳುವಷ್ಟು ಹತ್ತಿರ. ಆಮೇಲೆ ಗಿಡ್ಡ ಹಗ್ಗ, ಅದು ಒಗ್ಗಿದ ಮೇಲೆ ದೋಣಿಯ ಹಿಂದಿನ ಉದ್ದ ಹಗ್ಗ. ಮೊದಲ ಪಾಠವೇ ಬೀಳುವುದು: ಹಿಡಿತ ತಪ್ಪಿತೆನಿಸಿದ ಕೂಡಲೇ ಹಿಡಿಕೆ ಬಿಟ್ಟುಬಿಡಬೇಕು. ದೋಣಿ ನಡೆಸುವವನ ಹೊರತಾಗಿ ನೀರಿನಲ್ಲಿರುವವನನ್ನು ನೋಡಲೆಂದೇ ಇನ್ನೊಬ್ಬ ಕೂತಿರುತ್ತಾನೆ. ನಮ್ಮ ಬಾವಿಯ ಮಾವನ ಬೆಂಡು, ಹಗ್ಗದ ಲೆಕ್ಕಕ್ಕೂ ಈ ಕೊಳವೆಯ ಲೆಕ್ಕಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಅದಕ್ಕೆ ಅವರು ಸೇರಿಸಿದ್ದು ಬೀಳುವ ಪಾಠ ಮತ್ತು ನೋಡುವ ಕಣ್ಣು. ಒಬ್ಬನೇ ಕೋಚ್ ಕೊಳದ ತುಂಬ ಮಕ್ಕಳನ್ನು ಬಿಟ್ಟುಕೊಂಡು ಸೀಟಿ ಊದುವ ಶಿಬಿರಗಳಲ್ಲಿ ಇವೆರಡೂ ಇಲ್ಲ.

ದುಡ್ಡಿಲ್ಲ, ಈಜುಕೊಳವಿಲ್ಲ ಎನ್ನುವ ನೆಪಕ್ಕೆ ಬಾಂಗ್ಲಾದೇಶ ಉತ್ತರ ಕೊಟ್ಟಿದೆ. ಅಲ್ಲಿನ ‘ಸ್ವಿಮ್‌ಸೇಫ್’ ಕಾರ್ಯಕ್ರಮ ಹಳ್ಳಿಯ ಕೆರೆಯಲ್ಲೇ ಬಿದಿರಿನ ಅಟ್ಟಣಿಗೆ ಮುಳುಗಿಸಿ, ಅದರ ಮೇಲೆ ಮಕ್ಕಳನ್ನು ನಿಲ್ಲಿಸಿ ಕಲಿಸಿತು. ಗುರಿ ಚಿಕ್ಕದು, ಖಚಿತವಾದದ್ದು: 25 ಮೀಟರ್ ಈಜು, 30 ಸೆಕೆಂಡ್ ತೇಲುವಿಕೆ, ದಡದಿಂದಲೇ ಇನ್ನೊಬ್ಬರನ್ನು ಉಳಿಸುವ ಕ್ರಮ. ಹೀಗೆ ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವ ಪ್ರಮಾಣ ಬಹುಪಾಲು ಇಳಿಯಿತೆಂಬುದು ಅಧ್ಯಯನದಿಂದ ಗೊತ್ತಾಗಿದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 38 ಸಾವಿರ ಮಂದಿ ನೀರಿನಲ್ಲಿ ಮುಳುಗಿ ಸಾಯುತ್ತಿದ್ದಾರೆ. ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನನ್ನು ಹಿಡಿಯಲು ಮತ್ತೊಬ್ಬ ಹಾರಿ ಒಂದೇ ಮನೆಯ ಮೂವರು ಹೋದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಬಂದಿಲ್ಲ! ನೀರಿಗೆ ಇಳಿಯದೆ ಟವೆಲೋ ಕೋಲೋ ಚಾಚುವುದು, ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗ ಕಟ್ಟಿ ಎಸೆಯುವುದು ಒಂದೇ ಮಧ್ಯಾಹ್ನದ ಪಾಠ. ಅದಕ್ಕೂ ಶಿಬಿರದ ವೇಳಾಪಟ್ಟಿಯಲ್ಲಿ ಜಾಗವಿಲ್ಲವೆಂದರೆ ಆ ಶಿಬಿರ ಈ ಜಿಲ್ಲೆಗೆಂದು ರೂಪಿಸಿದ್ದಲ್ಲ.

ಹಾಗಾಗಿ ಕೊನೆಯ ದಿನದ ಪಂದ್ಯ ಬೇಡವೆಂದಲ್ಲ, ಅದಕ್ಕಿಂತ ಮೊದಲು ಬೇರೆ ಪರೀಕ್ಷೆ ಇರಲಿ. ಕಾವಲಿಗೆ ಇಬ್ಬರಿರುವಾಗ, ಮೈಮೇಲಿನ ಬಟ್ಟೆಯಲ್ಲೇ ನೀರಿಗಿಳಿದು ತೇಲಬೇಕು, ಉಸಿರು ಹಿಡಿತಕ್ಕೆ ತಂದುಕೊಂಡು ದಡ ಸೇರಬೇಕು, ಮೇಲೆ ಬಂದು ಗೆಳತಿಗೆ ಹಗ್ಗ ಎಸೆಯಬೇಕು. ಇಷ್ಟಾದವರಿಗೆ ಪ್ರಮಾಣಪತ್ರ. ಫ್ರೀಸ್ಟೈಲ್ ಚೆಂದ ಬಾರದಿದ್ದರೂ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ನೀರು ನಿಂತ ಕಾಲುವೆಯೂ ತರಗತಿಯಾಗಬಲ್ಲದು: ಮಕ್ಕಳನ್ನು ಏರಿಯ ಮೇಲೆ ಕರೆದೊಯ್ದು, ಗೋಡೆ ಎಷ್ಟು ಇಳಿಜಾರು, ತೂಬು ಎಲ್ಲಿ, ಮೆಟ್ಟಿಲು ಎಲ್ಲಿ ಎಂದು ಬರಿಗಣ್ಣಿಗೆ ತೋರಿಸಬಹುದು. ಜುಲೈನಲ್ಲಿ ನೀರು ಬಂದ ಮೇಲೆ ಅದನ್ನು ತೋರಿಸಲಾಗದು.

ಕಲಿಸುವವರಲ್ಲಿ ಹೆಂಗಸರು ಇರಲೇಬೇಕು, ಏಕೆಂದರೆ ಕಲಿಯಬೇಕಾದವರು ಮಕ್ಕಳಷ್ಟೇ ಅಲ್ಲ, ತಾಯಂದಿರೂ ಹೌದು. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ತಾಲ್ಲೂಕಿನ ಕೊಳಗಲ್ಲು ಬಳಿ, ಕೂಲಿಗೆ ಹೊರಟಿದ್ದ ಮಹಿಳೆಯರ ಆಟೊ ತುಂಗಭದ್ರಾ ಕಾಲುವೆಗೆ ಉರುಳಿ ಸಾವುಗಳಾದವು. ಆಟೊಗಳು ಈಗಲೂ ಬೆಳಗಿನ ಜಾವ ಅದೇ ಬಗೆಯ ದಾರಿಗಳಲ್ಲಿ ಹೊರಡುತ್ತವೆ. ಅವುಗಳೊಳಗೆ ಕೂತ ತಾಯಂದಿರಿಗಾಗಿ, ಕೂಲಿ ಕೆಲಸ ತೆಳುವಾಗಿರುವ ಮೇ ತಿಂಗಳಲ್ಲಿ, ಗಂಡಸರಿಲ್ಲದ ಹೊತ್ತು ಗೊತ್ತುಮಾಡಿ, ಸೀರೆಯಲ್ಲೇ ತೇಲುವುದನ್ನು ಕಲಿಸುವ ಒಂದು ತರಗತಿಯನ್ನು ಕುರುಗೋಡಿನಲ್ಲೂ ಸಿರುಗುಪ್ಪದಲ್ಲೂ ಈ ಬೇಸಿಗೆಗೇ ತೆರೆಯಬಹುದು.