ಕಂಠೀರವವನ್ನು ಗೋಡೆಯಾಚೆಯಿಂದ ನೋಡಿದಾಗ

ಕ್ರೀಡಾಂಗಣವನ್ನು ನವೀಕರಿಸುತ್ತಾರೆ ಎಂದ ಕೂಡಲೇ ನಮ್ಮಲ್ಲಿ ಕೇಳುವುದು ಎಷ್ಟು ಆಸನ, ಎಷ್ಟು ಕೋಟಿ ಎಂದು. ಈ ಲೆಕ್ಕದಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣ ಪಾಸಾಗುತ್ತದೆ. 1997ರ ರಾಷ್ಟ್ರೀಯ ಕ್ರೀಡಾಕೂಟದ ಹೊತ್ತಿಗೆ ಅದಕ್ಕೆ ಹೊಸ ರೂಪ ಬಂತು. ಸುಮಾರು 25,000 ಜನ ಕೂರುವಷ್ಟಾಯಿತು, ಪಕ್ಕದಲ್ಲೇ ಒಳಾಂಗಣವೂ ಎದ್ದಿತು. ಆದರೆ ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ, ಊರಿನ ನಟ್ಟನಡುವೆ ಅಷ್ಟು ಜಾಗ ಹಿಡಿದು ಕೂತ ಕಟ್ಟಡಕ್ಕೆ ಇನ್ನೊಂದು ಪರೀಕ್ಷೆಯೂ ಇರಬೇಕು. ಪಂದ್ಯವಿಲ್ಲದ ದಿನ ಅದು ಯಾರ ಪಾಲಿಗಿದೆ?

ಅಲ್ಲಿ ಮೊದಲಿದ್ದದ್ದು ಸಂಪಂಗಿ ಕೆರೆ. 1890ರ ದಶಕದಲ್ಲಿ ಹೆಸರಘಟ್ಟದ ಕೊಳಾಯಿ ನೀರು ಬಂದ ಮೇಲೆ ಊರಿಗೆ ಆ ಕೆರೆಯ ಹಂಗು ತಪ್ಪಿತು. ಮುಂದೆ ನಡೆದ ಎಳೆದಾಟವನ್ನು ಹಿತಾ ಉನ್ನಿಕೃಷ್ಣನ್, ಬಿ. ಮಂಜುನಾಥ, ಹರಿಣಿ ನಾಗೇಂದ್ರ 2016ರ ತಮ್ಮ ಸಂಶೋಧನಾ ಲೇಖನದಲ್ಲಿ ದಾಖಲಿಸಿದ್ದಾರೆ. ತಿಗಳ ಸಮುದಾಯದ ತೋಟಗಾರರಿಗೆ ನೀರು ನಿಲ್ಲಬೇಕಿತ್ತು, ಇಟ್ಟಿಗೆ ಮಾಡುವವರಿಗೆ ಮಣ್ಣು ಬೇಕಿತ್ತು, ಪೋಲೊ ಆಡುವವರಿಗೆ ಒಣನೆಲ ಬೇಕಿತ್ತು. ಯಾರ ಅರ್ಜಿಗೆ ತೂಕ ಬಂತೆಂದು ಬಿಡಿಸಿ ಹೇಳಬೇಕಾಗಿಲ್ಲ. 1940ರ ದಶಕದ ಹೊತ್ತಿಗೆ ಕೆರೆ ಹೋಗಿ ಕ್ರೀಡಾಂಗಣ ಬಂತು. ಉಳಿದದ್ದು ಒಂದು ಪುಟ್ಟ ಕೊಳ, ಅದೂ ಧರ್ಮರಾಯಸ್ವಾಮಿ ದೇವಸ್ಥಾನದ ಕರಗದ ವಿಧಿಗಳಿಗೆ ಅದು ಬೇಕೆಂಬ ಕಾರಣಕ್ಕೆ. ನನ್ನ ಮಟ್ಟಿಗೆ ಇಡೀ ಆವರಣದಲ್ಲಿ ಯೋಚನೆಯಿಂದ ಉಳಿಸಿಕೊಂಡಂತೆ ಕಾಣುವುದು ಅದೊಂದೇ. ತಿಗಳರ ತೋಟಗಳಿಗೆ ಸಿಗದ ಮರ್ಯಾದೆ ಅವರ ಕರಗಕ್ಕೆ ಸಿಕ್ಕಿತು. ಕರಗದ ದೇವಿ ದ್ರೌಪದಮ್ಮನ ಜೊತೆ ವಾದಕ್ಕೆ ನಿಲ್ಲುವ ಧೈರ್ಯ ಯಾವ ಇಂಜಿನಿಯರಿಗೂ ಬಂದಿರಲಾರದು!

ಒಳಗಿನ ಕಥೆ ಇನ್ನೂ ತೊಡಕಿನದು. ಹುಲ್ಲಿನ ಸುತ್ತ 400 ಮೀಟರಿನ ಸಿಂಥೆಟಿಕ್ ಟ್ರ್ಯಾಕ್. 2014ರಿಂದ ಅದೇ ಹುಲ್ಲು ಬೆಂಗಳೂರು ಎಫ್‌ಸಿಯ ತವರು. ಹ್ಯಾಮರ್, ಜಾವೆಲಿನ್ ಬಂದು ಬಿದ್ದಲ್ಲಿ ಹುಲ್ಲು ಕಿತ್ತು ಗುಂಡಿಯಾಗುತ್ತದೆ, ಫುಟ್‌ಬಾಲಿಗೆ ಚಾಪೆ ಹಾಸಿದಂಥ ನೆಲ ಬೇಕು. ಜಾಹೀರಾತು ಫಲಕಗಳನ್ನು ಟ್ರ್ಯಾಕಿನ ಮೇಲೆ ಎಳೆದಾಡಿದರೆ ಓಟಗಾರರ ನೆಲ ಕೆಡುತ್ತದೆ. ಜಗಳ ಹೈಕೋರ್ಟಿನವರೆಗೂ ಹೋಯಿತು. ಇದರಲ್ಲಿ ಕ್ಲಬ್ಬನ್ನಷ್ಟೇ ದೂರುವುದು ಸುಲಭ. ಆದರೆ ಆ ಗ್ಯಾಲರಿಗೆ ಜೀವ ತುಂಬಿದ್ದು ಅವರ ಅಭಿಮಾನಿಗಳೇ. ಅವರಾದರೂ ಟ್ರ್ಯಾಕಿನಾಚೆ ಕೂತು, ಆಟವನ್ನು ದೂರದಿಂದಲೇ ನೋಡಬೇಕು. ಒಂದೇ ಬಟ್ಟಲಲ್ಲಿ ಎರಡೂ ಆಗಲಿ ಎಂದು ಕಟ್ಟಿ, ಯಾವ ಹೊತ್ತು ಯಾರದು ಎಂಬುದನ್ನು ಗಟ್ಟಿಯಾಗಿ ಗೊತ್ತುಮಾಡದೆ ಬಿಟ್ಟಿದ್ದೇ ಮೂಲ ದೋಷ.

ಇಷ್ಟಾದರೂ ಕಂಠೀರವ ಊರಿಗೆ ಒದಗಿದ ದಿನಗಳಿವೆ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಜನ ಹರಿದು ಬಂದದ್ದು ಇಲ್ಲಿಗೇ. ಸಿದ್ದರಾಮಯ್ಯ 2013ರಲ್ಲೂ 2023ರಲ್ಲೂ ಪ್ರಮಾಣವಚನ ಸ್ವೀಕರಿಸಿದ್ದೂ ಇಲ್ಲೇ. ಊರಿಗೊಂದು ದೊಡ್ಡ ಅಂಗಳ ಬೇಕು, ಅದು ನಡುವಿನಲ್ಲೇ ಇರಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಹಾಗಾಗಿ ಕ್ರೀಡಾಂಗಣಗಳನ್ನೆಲ್ಲ ಊರಾಚೆಗೆ ಸಾಗಿಸಿಬಿಡಿ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ 2025ರ ಜೂನ್ 4ರಂದು, ಇಲ್ಲಿಂದ ಕೂಗಳತೆಯ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಗೇಟಿನ ಹೊರಗಿನ ರಸ್ತೆಯೂ ಕ್ರೀಡಾಂಗಣದ ಭಾಗವೇ ಎಂಬುದನ್ನು ಮರೆತು ಮಾಡುವ ಯಾವ ನಕ್ಷೆಯೂ ಇನ್ನು ಮುಂದೆ ನಕ್ಷೆಯಲ್ಲ.

ಬೆಲ್‌ಫಾಸ್ಟಿನ ಕೇಸ್‌ಮೆಂಟ್ ಪಾರ್ಕ್ ಕ್ರೀಡಾಂಗಣಕ್ಕೂ ಅದರ ನೆರೆಹೊರೆಗೂ ಇರುವ ನಂಟಿನ ವಿಷಯದಲ್ಲಿ ಕುತೂಹಲದ ಉದಾಹರಣೆ. ಹರ್ಲಿಂಗ್, ಗೇಲಿಕ್ ಫುಟ್‌ಬಾಲ್ ಎಂಬ ಐರಿಷ್ ನಾಡಾಟಗಳಿಗೆ 1953ರಲ್ಲಿ ತೆರೆದ ಅಂಗಣ ಅದು. ಆಡುವವರು ಸಂಬಳವಿಲ್ಲದ ಹವ್ಯಾಸಿಗಳು. ಪಶ್ಚಿಮ ಬೆಲ್‌ಫಾಸ್ಟಿನ ಏಳಿಗೆಗೂ ಇದೇ ದಾರಿ ಎಂದು 38,000 ಆಸನಗಳ ಹೊಸ ಕಟ್ಟಡಕ್ಕೆ ಕೈಹಾಕಿದರು. ನೆರೆಮನೆಯವರು ಕೋರ್ಟಿಗೆ ಹೋದರು, 2014ರಲ್ಲಿ ಅನುಮತಿ ರದ್ದಾಯಿತು. ತುರ್ತಿನಲ್ಲಿ ಅಷ್ಟು ಜನ ಹೊರಬರಲು ದಾರಿ ಸಾಲದೆಂಬ ಆಕ್ಷೇಪವೂ ಎದ್ದಿತ್ತು. ಆಸನ ಇಳಿಸಿ ಹೊಸ ಅನುಮತಿ ಪಡೆದರೂ ಖರ್ಚು ಏರುತ್ತಲೇ ಹೋಗಿ ಅಲ್ಲಿ ನಡೆಯಬೇಕಿದ್ದ 2028ರ ಯೂರೊ ಫುಟ್‌ಬಾಲ್ ಪಂದ್ಯಗಳು ಕೈತಪ್ಪಿದವು. 2013ರಲ್ಲಿ ಮುಚ್ಚಿದ ಮೈದಾನ ವರ್ಷಗಟ್ಟಲೆ ಹಾಳುಬಿತ್ತು. ಅಲ್ಲಿನವರಿಗಾದ ನಷ್ಟ ದೊಡ್ಡದೇ. ಆದರೂ ಪಕ್ಕದ ಮನೆಯವನ ಆಕ್ಷೇಪಕ್ಕೆ ಒಂದು ಸರ್ಕಾರಿ ಅನುಮತಿಯನ್ನು ತಡೆಯುವಷ್ಟು ಬಲವಿತ್ತು ಎಂಬುದನ್ನು ಗಮನಿಸಬೇಕು. ಸಂಪಂಗಿ ಕೆರೆಯ ತೋಟಗಾರರ ಅಹವಾಲಿಗೆ ಆ ಬಲ ಇರಲಿಲ್ಲ.

ಕಂಠೀರವಕ್ಕೆ ಇನ್ನೊಂದು ನವೀಕರಣದ ಮಾತು ಬಂದಾಗ ಮೊದಲು ಬರೆಯಬೇಕಾದದ್ದು ವೇಳಾಪಟ್ಟಿ. ಬೆಳಗಿನ ಹೊತ್ತು ಓಟಗಾರರದು, ಎಸೆತದವರಿಗೆ ಬೇರೆಯೇ ನೆಲ, ಪಂದ್ಯದ ದಿನಗಳು ಇಷ್ಟೇ ಎಂದು ಗುತ್ತಿಗೆಯ ಕರಾರಿನಲ್ಲೇ ಇರಲಿ, ಗೇಟಿನ ಮೇಲೂ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಇರಲಿ. ಆಸನ ಎಷ್ಟು ಎಂಬುದನ್ನು ಆಮೇಲೆ ಮಾತಾಡಬಹುದು.