ಕೊನೆಯಿಂದ ಶುರುವಾಗುವ ಪಾಠ

ಚೆಸ್ ಕಲಿಸುವವರಲ್ಲಿ ನನಗೆ ಹೆಚ್ಚು ಇಷ್ಟವಾಗುವವರು ಪೆಟ್ಟಿಗೆಯಿಂದ ಮೂರೇ ಕಾಯಿ ತೆಗೆಯುವವರು: ಎರಡು ರಾಜ, ಒಂದು ಆನೆ. ಕ್ಯೂಬಾದ ಚೆಸ್ ಆಟಗಾರ ಕಾಪಾಬ್ಲಾಂಕ 1921ರ ‘ಚೆಸ್ ಫಂಡಮೆಂಟಲ್ಸ್’ ಪುಸ್ತಕ ಶುರುಮಾಡಿದ್ದೂ ಆಟದ ಈ ಕೊನೆಯಿಂದಲೇ. ಆನೆ ಒಂದು ಸಾಲಿಗೆ ಬೇಲಿ ಹಾಕುತ್ತದೆ, ನಮ್ಮ ರಾಜ ಎದುರು ಬಂದು ನಿಲ್ಲುತ್ತಾನೆ, ಒಂಟಿ ರಾಜನ ಜಾಗ ಸಾಲು ಸಾಲಾಗಿ ಕಿರಿದಾಗುತ್ತದೆ. ಸರಿಯಾಗಿ ಆಡಿದರೆ ಹೆಚ್ಚೆಂದರೆ 16 ನಡೆಯಲ್ಲಿ ಚೆಕ್‌ಮೇಟ್. ಕಲಿಯುವ ಹುಡುಗ ಅವಸರಪಟ್ಟು ಸುಮ್ಮನೆ ಚೆಕ್ ಕೊಡುತ್ತಾ ಹೋದರೆ ರಾಜ ಬೇಲಿ ದಾಟಿ ತಪ್ಪಿಸಿಕೊಳ್ಳುತ್ತಾನೆ. ಆಗ ಬಾಯಿ ಬಿಡದೆ ಕೂರುವುದಿದೆಯಲ್ಲ, ಮೇಷ್ಟರ ಕಸುಬೆಲ್ಲ ಅಲ್ಲಿದೆ. (ನಾಲಿಗೆ ತುದಿಗೆ ಬಂದ ನಡೆಯನ್ನು ನುಂಗಿಕೊಳ್ಳುವುದು ಸುಲಭವಲ್ಲ.) ಪ್ರೋಗ್ರಾಮಿಂಗ್ ಹೇಳಿಕೊಡುವ ಜಾಣರೂ ಹೀಗೆಯೇ ಕೊನೆಯಿಂದ ಶುರುಮಾಡುತ್ತಾರೆ. ರಿಕರ್ಷನ್, ಅಂದರೆ ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದನ್ನು ಕಲಿಸುವಾಗ, ಎಲ್ಲಿ ನಿಲ್ಲಬೇಕು ಎಂದು ಮೊದಲು ಕೇಳುತ್ತಾರೆ. ಸೊನ್ನೆಯ ಫ್ಯಾಕ್ಟೋರಿಯಲ್ 1 ಎಂಬ ಸಾಲನ್ನು ಬರೆಸಿದ ಮೇಲೆಯೇ ಉಳಿದ ಕೋಡ್.